ಯಾರ ಪೈಕಿ?

ಅ, ಆ, ಇ, ಈ ಕಲಿಸುವುದಕ್ಕೂ ಪೊಲೀಸರ ಕಾಗದ ಬೇಕು ಎಂದಾಗ ನನಗೆ ಸಿಟ್ಟೇ ಬಂದಿತ್ತು.

ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನಾವು ಕೆಲವು ಕುಟುಂಬದವರು ಸೇರಿ ಶನಿವಾರ ಬೆಳಿಗ್ಗೆ ಮಕ್ಕಳಿಗೆ ಕನ್ನಡ ಕಲಿಸುತ್ತೇವೆ. ಸಭಾಂಗಣದ ಬಾಡಿಗೆ ನಮ್ಮದೇ, ಮಕ್ಕಳಿಗೆ ಕೊಡುವ ಸುಸಲಾ ನಮ್ಮ ಮನೆಯದೇ, ಸಂಬಳದ ಮಾತಂತೂ ಇಲ್ಲ. ಹೀಗಿರುವಾಗ ಮೊದಲ ದಿನವೇ ತರಗತಿ ನೋಡಿಕೊಳ್ಳುವ ಅಕ್ಕ ಫಾರಂ ಮುಂದಿಟ್ಟು, “ಅಣ್ಣಾ, ಡಿಬಿಎಸ್ ಬರುವವರೆಗೆ ನೀವೊಬ್ಬರೇ ಮಕ್ಕಳ ಜೊತೆ ಇರುವಂತಿಲ್ಲ” ಎಂದರು. ಡಿಬಿಎಸ್ ಎಂದರೆ ನಮ್ಮ ಮೇಲೆ ಅಪರಾಧದ ದಾಖಲೆ ಇದೆಯೇ ಎಂದು ನೋಡುವ ಇಲ್ಲಿನ ಸರಕಾರಿ ತಪಾಸಣೆ. ಪಾಸ್‌ಪೋರ್ಟ್, ಬ್ಯಾಂಕಿನ ಕಾಗದ, ಹಿಂದಿನ ಐದು ವರ್ಷ ಎಲ್ಲೆಲ್ಲಿ ವಾಸವಿದ್ದೆ ಎಂಬ ವಿಳಾಸಗಳು. ಸ್ವಯಂಸೇವಕರಿಗೆ ಶುಲ್ಕವಿಲ್ಲ ಎಂಬುದೊಂದೇ ಸಮಾಧಾನ. ಠಾಣೆಯ ಕಟ್ಟೆ ಹತ್ತದ ಮನೆತನ ನಮ್ಮದು ಎಂದು ಒಳಗೊಳಗೇ ಕುದಿಯುತ್ತ ಸಹಿ ಹಾಕಿದೆ.

ಆ ರಾತ್ರಿ ಕಲಬುರಗಿಗೆ ಫೋನ್ ಮಾಡಿದಾಗ ಕಾಕಾ ಬಿದ್ದು ಬಿದ್ದು ನಕ್ಕರು. “ಮಾಸ್ತರನಿಗೂ ಜಾಮೀನು ಕೇಳುತ್ತಾರೆಯೇ? ನೀನು ಯಾರ ಪೈಕಿ ಎಂದು ಹೇಳಬೇಕಿತ್ತು!”

ಕಾಕಾ ತಮಾಷೆಗೆ ಹೇಳಿದ್ದಲ್ಲ. ಬ್ರಹ್ಮಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಆ ಒಂದು ಪ್ರಶ್ನೆಯ ಮೇಲೆ ಎಷ್ಟೋ ಮದುವೆ, ಸಾಲ, ಬಾಡಿಗೆ ಕರಾರುಗಳು ನಿಂತಿವೆ. ಬಂದವನು ಕುಳಿತು ನೀರು ಕುಡಿಯುವಷ್ಟರಲ್ಲಿ ಯಾವ ಊರು, ಚಹಾ ಬರುವಷ್ಟರಲ್ಲಿ ಯಾವ ಮನೆ, ಬಸಿಯಲ್ಲಿ ಚಹಾ ಆರುವಷ್ಟರಲ್ಲಿ ಅವನ ಸೋದರಮಾವ ಯಾರ ಅಳಿಯ ಎಂಬುದೆಲ್ಲ ಹೊರಬೀಳುತ್ತದೆ. ಆಳಂದ, ಸೇಡಂ, ಜೇವರ್ಗಿ, ಅಫಜಲಪುರ, ಎಲ್ಲಿಯವನೇ ಆಗಿರಲಿ, ಮೂರನೆಯ ಪ್ರಶ್ನೆಗೆ ಕಾಕಾನಿಗೆ ಒಂದು ಎಳೆ ಸಿಕ್ಕೇ ಸಿಗುತ್ತದೆ. ಯಾವ ಕಂಪ್ಯೂಟರ್ ಇದಕ್ಕೆ ಸಮ ಎಂದು ನಾನೂ ಬಹಳ ವರ್ಷ ನಂಬಿದ್ದೆ.

ಎರಡು ವರ್ಷದ ಹಿಂದೆ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ನನಗೆ ಸಿಕ್ಕಿದ್ದು ಹದಿನೈದು ದಿನದ ರಜೆ. ಎತ್ತಿ ಕೂರಿಸಲು, ಮೈ ಒರೆಸಲು, ರಾತ್ರಿ ಎಚ್ಚರವಿರಲು ಒಬ್ಬ ಬೇಕಿತ್ತು. ಯಾರೋ ಕೊಟ್ಟ ನಂಬರಿಗೆ ಫೋನ್ ಮಾಡಿದರೆ ಮರುದಿನ ಬೆಳಿಗ್ಗೆಯೇ ಒಬ್ಬ ಯುವಕ ಬಂದು ನಿಂತ. ಕಾಕಾ ಪರೀಕ್ಷೆ ಶುರು ಮಾಡಿದರು.

“ಯಾವ ಊರು ತಮ್ಮಾ?”

“ಚಿಂಚೋಳಿ ಕಡೆಯವನು.”

“ಯಾರ ಪೈಕಿ?”

ಅವನು ಒಂದು ಮನೆತನದ ಹೆಸರು ಹೇಳಿದ. ಕಾಕಾನ ಮುಖ ಅರಳಿತು. “ಅವರ ಮನೆಯಲ್ಲಿ ನಾನು ಹೋಳಿಗೆ ಉಂಡಿದ್ದೇನಲ್ಲ!” ಅಲ್ಲಿಗೆ ಮುಗಿಯಿತು. ಆಧಾರ್ ನಕಲನ್ನು ಅವ್ವ ಮಡಚಿ ಟಿವಿಯ ಕೆಳಗೆ ಇಟ್ಟರು. ಕಾಕಾ ಅಂದು ಕನ್ನಡಕ ಹಾಕಿಕೊಂಡಿರಲಿಲ್ಲ. ನನ್ನ ಕಣ್ಣು ಚೆನ್ನಾಗಿಯೇ ಇವೆ, ಆದರೂ ನಾನದನ್ನು ಬಿಡಿಸಿ ನೋಡಲಿಲ್ಲ.

ಮೂರನೆಯ ತಿಂಗಳು, ಅಪ್ಪನ ಎಡತೋಳಿನ ಒಳಭಾಗದಲ್ಲಿ ನಾಲ್ಕು ನೀಲಿ ಕಲೆಗಳು ಕಂಡವು. ಸಾಲಾಗಿ, ಬೆರಳು ಊರಿದ ಹಾಗೆ. “ಮಂಚಕ್ಕೆ ತಾಗಿರಬೇಕು” ಎಂದು ಅಪ್ಪ ಮುಖ ಆಚೆ ತಿರುಗಿಸಿದರು. ಇಡೀ ಜಿಲ್ಲೆಯ ಮಾಸ್ತರರಿಗೆಲ್ಲ ಎದುರು ಮಾತನಾಡಿದ ಮನುಷ್ಯ. ಕಾಕಾ ಆ ಯುವಕನನ್ನು ವಿಚಾರಿಸಿದರು, ಮರುದಿನ ಅವನು ಬರಲಿಲ್ಲ. ಕಳಿಸಿದವರಿಗೆ ಫೋನ್ ಮಾಡಿದರೆ, “ಬೇರೆಯವರನ್ನು ಕಳಿಸುತ್ತೇವೆ ಸರ್” ಎಂದರು, ಬಲ್ಬ್ ಬದಲಿಸುವವರ ಹಾಗೆ. ಚಿಂಚೋಳಿಯ ಆ ಮನೆಯವರಿಗೆ ಅಂಥ ಹುಡುಗನೇ ಗೊತ್ತಿರಲಿಲ್ಲ. ಟಿವಿಯ ಕೆಳಗಿನ ನಕಲಿನಲ್ಲಿದ್ದದ್ದು ಬೇರೆಯೇ ಹೆಸರು, ಬೇರೆಯೇ ಊರು.

ಇಷ್ಟೇ ಆಗಿದ್ದರೆ ಮೋಸ ಹೋದೆವು ಎಂದುಕೊಳ್ಳಬಹುದಿತ್ತು. ತಿಂಗಳ ನಂತರ ಊರಿನ ಇನ್ನೊಂದು ಬಡಾವಣೆಯಿಂದ ಒಬ್ಬ ಹೆಣ್ಣುಮಗಳು ಅವ್ವನಿಗೆ ಫೋನ್ ಮಾಡಿದರು. ಅತ್ತೆ ಹಾಸಿಗೆ ಹಿಡಿದಿದ್ದಾರಂತೆ, ಅದೇ ಯುವಕ ಬಂದಿದ್ದಾನಂತೆ, ನಿಮ್ಮ ಮನೆಯಲ್ಲಿದ್ದೆ ಎನ್ನುತ್ತಿದ್ದಾನೆ, ಹೇಗೆ? ಅವ್ವ ಒಂದು ಗಳಿಗೆ ಸುಮ್ಮನಿದ್ದು, “ಕೆಲಸ ಮಾಡುತ್ತಾನೆ ಯವ್ವಾ” ಎಂದುಬಿಟ್ಟರು. ಒಬ್ಬರ ಹೊಟ್ಟೆಯ ಮೇಲೆ ನಾವೇಕೆ ಹೊಡೆಯಬೇಕು ಎಂಬುದು ಆಮೇಲೆ ನನಗೆ ಕೊಟ್ಟ ಕಾರಣ. ಠಾಣೆಗೆ ಹೋಗುವುದು ಬೇಡ, ಅಪ್ಪನ ಹೆಸರು ಊರ ಬಾಯಿಗೆ ಬೀಳುವುದು ಬೇಡ ಎಂದು ಅದಕ್ಕೂ ಮೊದಲೇ ಹೇಳಿದ್ದವನು ನಾನು, ಲೆಸ್ಟರ್‌ನಲ್ಲಿ ಕುಳಿತುಕೊಂಡು.

ಡಿಬಿಎಸ್ ಎಂದರೆ ಬರೀ ಅಪರಾಧದ ದಾಖಲೆ ನೋಡುವ ಕಚೇರಿ ಎಂದುಕೊಂಡಿದ್ದ ನಾನು ಅದರ ಬಗ್ಗೆ ಓದಿದ್ದು ಇದಾದ ಮೇಲೆ. ಅವರ ಬಳಿ ಎರಡು ಪಟ್ಟಿಗಳಿವೆ: ಮಕ್ಕಳ ಬಳಿ ಸುಳಿಯಬಾರದವರದ್ದು ಒಂದು, ಅಸಹಾಯಕ ವಯಸ್ಕರ ಬಳಿ ಸುಳಿಯಬಾರದವರದ್ದು ಇನ್ನೊಂದು. ಆರೈಕೆಯವನಿಂದ ಯಾರಿಗಾದರೂ ಹಾನಿಯಾಗಿ ಸಂಸ್ಥೆ ಅವನನ್ನು ಆ ಕೆಲಸದಿಂದ ತೆಗೆದರೆ, ಆ ಸಂಗತಿಯನ್ನು ಅಲ್ಲಿಗೆ ತಿಳಿಸಲೇಬೇಕು. ಅವನೇ ರಾಜೀನಾಮೆ ಕೊಟ್ಟು ಹೋದರೂ ತಿಳಿಸಬೇಕು. ಬಾಯಿ ಮುಚ್ಚಿಕೊಂಡು ಕೂರುವುದೇ ತಪ್ಪು. ಪಟ್ಟಿಯಲ್ಲಿದ್ದವನು ಅಂಥ ಕೆಲಸಕ್ಕೆ ಸೇರಿದರೂ ಅಪರಾಧ, ಗೊತ್ತಿದ್ದೂ ಸೇರಿಸಿಕೊಂಡರೂ ಅಪರಾಧ.

ಇವರೇನೂ ಹುಟ್ಟುತ್ತಲೇ ಜಾಣರಲ್ಲ. 2002ರ ಆಗಸ್ಟ್‌ನಲ್ಲಿ ಕೇಂಬ್ರಿಡ್ಜ್‌ಶೈರ್‌ನ ಸೋಹಮ್ ಎಂಬ ಊರಿನಲ್ಲಿ ಹತ್ತು ವರ್ಷದ ಇಬ್ಬರು ಹುಡುಗಿಯರ ಕೊಲೆಯಾಯಿತು. ಕೊಂದವನು ಊರಿನ ಪ್ರೌಢಶಾಲೆಯ ಕಟ್ಟಡ ನೋಡಿಕೊಳ್ಳುವ ಕೆಲಸದವ. ಹಂಬರ್‌ಸೈಡ್‌ನಲ್ಲಿದ್ದಾಗ ಅವನ ಮೇಲೆ ಹಲವು ದೂರುಗಳು ಬಂದಿದ್ದವು, ಆ ಮಾಹಿತಿ ಮುಂದಿನ ಊರಿಗೆ ತಲುಪಲಿಲ್ಲ. ಅವನು ನಿಕ್ಸನ್ ಎಂಬ ಹೆಸರಿನಲ್ಲಿ ಕೆಲಸಕ್ಕೆ ಸೇರಿದ್ದ, ಪೊಲೀಸರು ಆ ಒಂದೇ ಹೆಸರನ್ನು ಹುಡುಕಿ ಕೈತೊಳೆದುಕೊಂಡರು. ಹಂಟ್ಲಿ ಎಂಬ ಅವನ ಇನ್ನೊಂದು ಹೆಸರನ್ನು ಹುಡುಕಲೇ ಇಲ್ಲ. ಈ ಕೊಲೆಗಳ ನಂತರ ನಡೆದ ಬಿಚರ್ಡ್ ವಿಚಾರಣೆಯ ವರದಿ 2004ರಲ್ಲಿ ಬಂತು, ಕಾನೂನು 2006ರಲ್ಲಿ, ಈಗಿನ ಡಿಬಿಎಸ್ 2012ರ ಡಿಸೆಂಬರ್‌ನಲ್ಲಿ. ಬೇರೆ ಹೆಸರು ಎಂಬಲ್ಲಿಗೆ ಓದಿ ಬಂದಾಗ ನನಗೆ ಕಾಕಾನ ಕನ್ನಡಕ ನೆನಪಾಯಿತು.

ನಮ್ಮಲ್ಲಿ ಕಾನೂನಿಲ್ಲ ಎಂದು ಜಾರಿಕೊಳ್ಳುವಂತೆಯೂ ಇಲ್ಲ. ಮಕ್ಕಳ ಜೊತೆ ನಿತ್ಯ ಒಡನಾಡುವ ಶಾಲೆ, ಶಿಶುವಿಹಾರ, ಕ್ರೀಡಾ ತರಬೇತಿ ಕೇಂದ್ರಗಳೆಲ್ಲ ತಮ್ಮ ಪ್ರತಿಯೊಬ್ಬ ಸಿಬ್ಬಂದಿಯ ಪೂರ್ವಾಪರವನ್ನು ಪೊಲೀಸರಿಂದ ಆಗಾಗ ಪರಿಶೀಲಿಸಬೇಕೆಂದು 2020ರ ಪೋಕ್ಸೊ ನಿಯಮಗಳು ಹೇಳುತ್ತವೆ. ಮನೆಗೆಲಸದವರ ಪರಿಶೀಲನೆಗೆ ರಾಜ್ಯ ಸರಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಖಾಸಗಿ ಭದ್ರತಾ ಸಂಸ್ಥೆಗಳು ಕಾವಲುಗಾರರ ಪೂರ್ವಾಪರ ನೋಡಬೇಕೆಂಬ ಕಾನೂನು 2005ರಿಂದಲೇ ಇದೆ. ಎಟಿಎಂ ಮುಂದೆ ಕುರ್ಚಿ ಹಾಕಿಕೊಂಡು ಕೂರುವವನಿಗೆ ಇರುವ ತಪಾಸಣೆ, ಅಪ್ಪನಿಗೆ ಸ್ನಾನ ಮಾಡಿಸುವವನಿಗೆ ಬೇಕು ಎಂದು ನಮ್ಮ ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಕೇಳಿದರೆ ಅವಮಾನ ಎಂಬ ಸಂಕೋಚ. ಮೊಳ ಮಲ್ಲಿಗೆಗೆ ಚೌಕಾಶಿ ಮಾಡುವಾಗ ಈ ಸಂಕೋಚ ಎಲ್ಲಿರುತ್ತದೆಯೋ!

ಇನ್ನೊಂದು ಮಾತು ಹೇಳದಿದ್ದರೆ ಅವ್ವ ಸುಮ್ಮನಿರುವುದಿಲ್ಲ. ನನ್ನ ಡಿಬಿಎಸ್ ಕಾಗದ ಏನೂ ದಾಖಲಾಗಿಲ್ಲ ಎಂದು ಹೇಳಿ ಬಂತು. ಆದರೆ ಕಲಬುರಗಿಯಲ್ಲಿ ನಾನು ಕಳೆದ ಇಪ್ಪತ್ತೆಂಟು ವರ್ಷ ಅದಕ್ಕೆ ಕಾಣುವುದೇ ಇಲ್ಲ, ಬೇರೆ ದೇಶದ ಪೊಲೀಸ್ ದಾಖಲೆಗಳು ಅದರ ಕೈಗೆ ಸಿಗುವುದಿಲ್ಲ. ಎಂದೂ ಸಿಕ್ಕಿಬೀಳದವನ ಕಾಗದವೂ ನನ್ನದರಷ್ಟೇ ಬೆಳ್ಳಗಿರುತ್ತದೆ. ನಮ್ಮ ಬೀದಿಯ ತುದಿಯ ಮನೆಯಲ್ಲಿ ಒಬ್ಬ ಮುದುಕರಿದ್ದಾರೆ. ಕೊರಳಲ್ಲಿ ಗುರುತಿನ ಚೀಟಿ ತೂಗಿಸಿಕೊಂಡ ಆರೈಕೆಯವರು ದಿನಕ್ಕೆ ಮೂರು ಬಾರಿ ಬರುತ್ತಾರೆ, ಕಾಲು ಗಂಟೆಯಲ್ಲಿ ಹೊರಟುಬಿಡುತ್ತಾರೆ. ಆರು ವರ್ಷವಾಯಿತು, ಆ ಮುದುಕರ ಹೆಸರು ನನಗೆ ಗೊತ್ತಿಲ್ಲ. ಅವರ ತೋಳನ್ನು ನಾನು ಯಾವತ್ತಾದರೂ ನೋಡಿದ್ದೇನೆಯೇ?

ಅಪ್ಪನ ತೋಳಿನ ಕಲೆ ನೋಡಿದ್ದು ಅವ್ವನಲ್ಲ, ಕಾಕಾನಲ್ಲ. ಎದುರು ಮನೆಯ ಆಯಿ. ಹೆಪ್ಪಿಗೆಂದು ಬಟ್ಟಲು ಹಿಡಿದು ಬಂದವರು, ಕೇಳದೇ ಒಳಕೋಣೆಗೆ ಹೋಗಿ, ಹೊದಿಕೆ ಸರಿಸಿ, “ಇದೇನಪ್ಪಾ?” ಎಂದವರು. ಆ ಆಯಿ ಹಾಗೆ ನುಗ್ಗುವುದು ನನಗೆ ಮೊದಲಿನಿಂದ ಕಿರಿಕಿರಿಯೇ.

ಈಗ ಅಪ್ಪನ ಬಳಿ ಬೇರೊಬ್ಬನಿದ್ದಾನೆ. ಪೊಲೀಸ್ ಪರಿಶೀಲನೆಗೆ ನನ್ನ ತಮ್ಮ ಅರ್ಜಿ ಹಾಕಿದ. ಕಾಕಾ ಕನ್ನಡಕ ಹಾಕಿಕೊಂಡು ಆಧಾರ್ ಓದಿ, ಆಮೇಲೆ ತಮ್ಮ ಪ್ರಶ್ನೆಯನ್ನೂ ಕೇಳಿಯೇ ಬಿಟ್ಟರು. ಕಳೆದ ವಾರ ನಾನು ಅವ್ವನಿಂದ ಆ ಇನ್ನೊಂದು ಮನೆಯ ನಂಬರ್ ಪಡೆದುಕೊಂಡೆ. ಎರಡು ಸಲ ಒತ್ತಿ, ಗಂಟೆ ಬಾರಿಸುವ ಮೊದಲೇ ಇಟ್ಟುಬಿಟ್ಟೆ. ಎತ್ತಿದ ಕೂಡಲೇ ಅವರು ಕೇಳುವುದು, ನೀವು ಯಾರ ಪೈಕಿ ಎಂದೇ.