ಕಂಪನಿಯ ಬ್ಲಾಗಿಗೆ ಪ್ರಕಟಣೆಯ ವೇಳಾಪಟ್ಟಿ ಬೇಕೆ?

ಪರ: ತಾರೀಖು ಗೊತ್ತಾಗದ ಬರಹ ಹೊರಗೇ ಬರುವುದಿಲ್ಲ

ಕಂಪನಿಯ ಬ್ಲಾಗಿಗೆ ಒಂದು ಬರಹ ಸಿದ್ಧವಾಗಬೇಕಾದರೆ ನಾಲ್ಕೈದು ಜನರ ಕೈ ದಾಟಬೇಕು. ಮಾರ್ಕೆಟಿಂಗ್‌ನವರು ಬರೆಯುತ್ತಾರೆ, ವಿಷಯ ಬಲ್ಲ ಎಂಜಿನಿಯರ್ ತಪ್ಪುಒಪ್ಪು ನೋಡುತ್ತಾರೆ, ಚಿತ್ರ ಮಾಡುವವರು ಬೇರೆ, ಕೆಲವು ಕಡೆ ವಕೀಲರೂ ಕಣ್ಣಾಡಿಸಬೇಕು. ಇವರಲ್ಲಿ ಬಹುತೇಕ ಯಾರಿಗೂ ಬ್ಲಾಗು ಮುಖ್ಯ ಕೆಲಸವಲ್ಲ. ‘ಬಿಡುವಾದಾಗ ನೋಡಿ’ ಎಂದು ಕಳಿಸಿದ ಕರಡನ್ನು ನೋಡುವ ಬಿಡುವು ಅವರಿಗೆ ಸಿಗುವುದೇ ಇಲ್ಲ.

ವೇಳಾಪಟ್ಟಿ ಎಂದೊಡನೆ ‘ಪ್ರತಿ ಮಂಗಳವಾರ ಒಂದು ಪೋಸ್ಟ್’ ಎಂಬ ನಿಯಮವೇ ಕಣ್ಮುಂದೆ ಬರುತ್ತದೆ. ಅದಕ್ಕಿಂತ ಮುಖ್ಯವಾದುದು ಹಿಂದಿನಿಂದ ಎಣಿಸಿಕೊಂಡು ಬರುವ ಲೆಕ್ಕ. ತೆರಿಗೆ ಲೆಕ್ಕದ ಸಾಫ್ಟ್‌ವೇರ್ ಮಾರುವ ಕಂಪನಿಯನ್ನೇ ನೋಡಿ. ರಿಟರ್ನ್ಸ್ ಸಲ್ಲಿಸುವ ಕೊನೆಯ ದಿನ ಎಲ್ಲರಿಗೂ ಮೊದಲೇ ಗೊತ್ತು. ಹೊಸ ಪುಟವನ್ನು ಗೂಗಲ್ ಗುರುತಿಸಿ ತನ್ನ ಸರ್ಚ್ ಸೂಚಿಯಲ್ಲಿ ಸೇರಿಸಿಕೊಳ್ಳಲು ಕೆಲವು ದಿನ, ಕೆಲವೊಮ್ಮೆ ವಾರಗಳೇ ಹಿಡಿಯುತ್ತವೆ. ಹಾಗಾದರೆ ಬರಹ ಕೊನೆಯ ದಿನಕ್ಕಿಂತ ಒಂದೂವರೆ ತಿಂಗಳು ಮೊದಲೇ ಹೊರಗಿರಬೇಕು. ಲೆಕ್ಕಪರಿಶೋಧಕರು ಓದಿ ತಿದ್ದಲು ಅದಕ್ಕೂ ಹಿಂದೆ ಎರಡು ವಾರ. ಕರಡಿಗೆ ಇನ್ನೂ ಎರಡು ವಾರ. ಕೊನೆಯ ವಾರದಲ್ಲಿ ಬರೆಯಲು ಕೂತರೆ ಬರಹ ಎಷ್ಟೇ ಚೆನ್ನಾಗಿದ್ದರೂ ಅದು ಬೇಕಾಗಿದ್ದವರು ಆಗಲೇ ಬೇರೆಲ್ಲೋ ಉತ್ತರ ಕಂಡುಕೊಂಡಿರುತ್ತಾರೆ.

ಇಷ್ಟಕ್ಕೆ ದೊಡ್ಡ ಸಾಧನವೇನೂ ಬೇಡ, ಒಂದು ಸ್ಪ್ರೆಡ್‌ಶೀಟ್ ಸಾಕು. ಆದರೆ ಅದರಲ್ಲಿ ‘ವಿಷಯ’ ಎಂಬ ಕಾಲಂನ ಪಕ್ಕದಲ್ಲಿ ‘ಓದುಗರ ಯಾವ ಪ್ರಶ್ನೆಗೆ ಉತ್ತರ?’ ಎಂಬ ಇನ್ನೊಂದು ಕಾಲಂ ಇರಲಿ. ಅಲ್ಲಿ ಏನು ಬರೆಯಬೇಕೆಂದು ತೋಚದಿದ್ದರೆ ಆ ಬರಹವನ್ನು ಪಟ್ಟಿಯಲ್ಲೇ ಹೊಡೆದುಹಾಕಬಹುದು.

ಕಂಪನಿಗಳು ಓದುಗರಿಗಾಗಿ ಕ್ರಮ ತಪ್ಪದೆ ಬರೆಯುವುದು ಇಂಟರ್ನೆಟ್ಟಿನ ಜೊತೆ ಹುಟ್ಟಿದ್ದಲ್ಲ. ಕೃಷಿ ಯಂತ್ರಗಳ ಜಾನ್ ಡೀರ್ ಕಂಪನಿ 1895ರಲ್ಲಿ ರೈತರಿಗಾಗಿ ಆರಂಭಿಸಿದ ‘ದಿ ಫರೋ’ ಪತ್ರಿಕೆ ಇಂದಿಗೂ ಬರುತ್ತಿದೆ. ಅಷ್ಟು ದೀರ್ಘ ಕಾಲ ನಡೆಯುವ ಕೆಲಸವನ್ನು ಬರೆಯುವವರ ಹುಮ್ಮಸ್ಸಿನ ಮೇಲೆ ಬಿಡಲಾಗದು.

ವಿರೋಧ: ಖಾಲಿ ಚೌಕ ತುಂಬಿಸಲು ಬರೆದದ್ದನ್ನು ಯಾರು ಓದಬೇಕು?

ಕ್ಯಾಲೆಂಡರಿನಲ್ಲಿ ಗುರುವಾರದ ಚೌಕ ಖಾಲಿ ಕಂಡರೆ ಅದನ್ನು ತುಂಬಬೇಕೆಂಬ ಒತ್ತಡ ಹುಟ್ಟುತ್ತದೆ. ಆಗ ಬರುವುದು ಕಾಟಾಚಾರದ ಬರಹ: ಹತ್ತು ಕಡೆ ಈಗಾಗಲೇ ಇರುವ ಮಾತು, ಹೊಸ ತಲೆಬರಹದಡಿ. ಯಾರ ಕೆಲಸಕ್ಕೂ ಬಾರದ ಇಂಥ ಬರಹಗಳ ನಡುವೆ ನಿಜವಾಗಿ ಉಪಯೋಗವಾಗುವ ಎರಡು ಬರಹ ಎಲ್ಲಿವೆ ಎಂದು ಓದುಗರಿಗೆ ಗೊತ್ತಾಗುವುದೇ ಇಲ್ಲ. ನನಗೆ ಇದು ನಿಜಕ್ಕೂ ಬೇಸರ ತರುವ ವಿಚಾರ, ಯಾಕೆಂದರೆ ಬರೆಯುವವರೂ ಅಲ್ಲೇ ಸೋತುಹೋಗುತ್ತಾರೆ.

‘ಆಗಾಗ ಪ್ರಕಟಿಸುತ್ತಿದ್ದರೆ ಗೂಗಲ್ ಸರ್ಚ್ ಫಲಿತಾಂಶದಲ್ಲಿ ಮೇಲೆತ್ತುತ್ತದೆ’ ಎಂಬ ನಂಬಿಕೆ ಇನ್ನೂ ಚಾಲ್ತಿಯಲ್ಲಿದೆ. ಸೈಟು ತಾಜಾ ಕಾಣಲಿ ಎಂದು ಹೊಸ ಪುಟಗಳನ್ನು ಸುರಿದರೆ ಪ್ರಯೋಜನವಿಲ್ಲ ಎಂದು ಗೂಗಲ್ ತನ್ನ ಮಾರ್ಗಸೂಚಿಯಲ್ಲೇ ಹೇಳಿದೆ. ಒಳಗಿನದನ್ನು ಬದಲಿಸದೆ ತಾರೀಖು ಮಾತ್ರ ಹೊಸದು ಮಾಡುವುದನ್ನೂ ಅದು ಒಪ್ಪುವುದಿಲ್ಲ. ಓದುಗರಿಗೆ ಉಪಯೋಗವಿಲ್ಲದ ಪುಟಗಳನ್ನು ರ್‍ಯಾಂಕಿಂಗ್‌ಗಾಗಿ ರಾಶಿ ರಾಶಿ ಹುಟ್ಟಿಸುವುದನ್ನು ಮಾರ್ಚ್ 2024ರಲ್ಲಿ ಸ್ಪ್ಯಾಮ್ ನೀತಿಯ ಉಲ್ಲಂಘನೆಯ ಪಟ್ಟಿಗೇ ಸೇರಿಸಿತು.

ಓದುಗರು ನಿಮ್ಮ ಮಂಗಳವಾರಕ್ಕಾಗಿ ಕಾದು ಕೂತಿರುವರೆಂಬ ಭಾವನೆಯೂ ಹಳೆಯದು. ಹೊಸ ಬರಹಗಳನ್ನು ತಾನಾಗಿ ತಲುಪಿಸುವ ಫೀಡ್ ಮೂಲಕ ಬ್ಲಾಗುಗಳನ್ನು ಹಿಂಬಾಲಿಸಲು ಬಳಸುತ್ತಿದ್ದ ಗೂಗಲ್ ರೀಡರ್ 2013ರ ಜುಲೈ 1ರಂದೇ ಮುಚ್ಚಿತು. ಸರ್ಚ್ ಮಾಡಿ ಬರುವವರಿಗೆ ಬೇಕಾದದ್ದು ತಮ್ಮ ಪ್ರಶ್ನೆಗೆ ಸರಿಯಾದ ಉತ್ತರ. ಅದು ಯಾವ ವಾರ ಪ್ರಕಟವಾಯಿತೆಂಬುದು ಅವರಿಗೆ ಬೇಕಿಲ್ಲ.

ಮೊದಲೇ ಶೆಡ್ಯೂಲ್ ಮಾಡಿಟ್ಟ ಪೋಸ್ಟಿಗೆ ಕಣ್ಣಿಲ್ಲ ಎಂಬುದನ್ನೂ ನೆನಪಿಡಬೇಕು. ಬೆಳಗ್ಗೆಯಿಂದ ಸರ್ವರ್ ಕೆಟ್ಟು ಗ್ರಾಹಕರಿಗೆ ಲಾಗಿನ್ ಆಗುತ್ತಿಲ್ಲ, ಸಪೋರ್ಟ್‌ನವರ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತಿದೆ. ಸರಿಯಾಗಿ ಹತ್ತಕ್ಕೆ ‘ನಮ್ಮ ಸೇವೆ ಈಗ ಇನ್ನಷ್ಟು ವೇಗ’ ಎಂಬ ಪೋಸ್ಟು ತಾನಾಗಿ ಹೊರಬೀಳುತ್ತದೆ. ಕಷ್ಟದಲ್ಲಿರುವ ಗ್ರಾಹಕರಿಗೆ ಅದು ಅವಮಾನದಂತೆಯೇ ಕಾಣುತ್ತದೆ.

ಎಲ್ಲಕ್ಕಿಂತ ದೊಡ್ಡ ನಷ್ಟ ಹಳೆಯ ಬರಹಗಳದು. ಮೂರು ವರ್ಷದ ಹಿಂದೆ ಬರೆದ ಮಾರ್ಗದರ್ಶಿಯನ್ನು ಜನ ಇವತ್ತಿಗೂ ಓದುತ್ತಿರುತ್ತಾರೆ, ಆದರೆ ಅದರ ಸ್ಕ್ರೀನ್‌ಶಾಟಿನಲ್ಲಿರುವ ಬಟನ್ ಈಗಿನ ಆವೃತ್ತಿಯಲ್ಲಿ ಇಲ್ಲವೇ ಇಲ್ಲ. ಅದನ್ನು ಸರಿಪಡಿಸಲು ಯಾವ ವೇಳಾಪಟ್ಟಿಯಲ್ಲೂ ಸಾಲಿಲ್ಲ, ಯಾಕೆಂದರೆ ಪಟ್ಟಿ ಎಣಿಸುವುದು ಹೊಸ ಪೋಸ್ಟುಗಳನ್ನು ಮಾತ್ರ. ಬರೆಯುವವರ ಕೈಗೆ ತಾರೀಖಿನ ಬದಲು ಸಪೋರ್ಟ್‌ಗೆ ಈ ವಾರ ಬಂದ ಪ್ರಶ್ನೆಗಳನ್ನು ಕೊಡಿ. ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದ್ದರೆ ಆ ಬಗ್ಗೆ ಬರೆಯಲಿ, ಉತ್ತರ ಹಳೆಯ ಪುಟದಲ್ಲೇ ಇದ್ದರೆ ಅದನ್ನು ತಿದ್ದಲಿ. ಎರಡೂ ಇಲ್ಲದ ವಾರ ಏನನ್ನೂ ಪ್ರಕಟಿಸುವುದು ಬೇಡ.