ಇವತ್ತು ಅಸೆಸ್‌ಮೆಂಟ್ ಇದೆ, ರೋಗಿಗಳು ಸಹಕರಿಸಬೇಕು

ಸರ್ಕಾರಿ ಆಸ್ಪತ್ರೆಯ ಮಂಚದ ಮೇಲೆ ಇಸ್ತ್ರಿ ಮಾಡಿದ ಬೆಡ್‌ಶೀಟ್ ಕಂಡರೆ ಎರಡೇ ಅರ್ಥ. ಮಂತ್ರಿಗಳು ಬರುತ್ತಿದ್ದಾರೆ, ಇಲ್ಲವೇ ಆಸ್ಪತ್ರೆಯ ಗುಣಮಟ್ಟಕ್ಕೆ ಅಂಕ ಹಾಕುವ ಅಸೆಸ್‌ಮೆಂಟ್ ಇದೆ. ಮಂತ್ರಿಗಳಾದರೆ ಚಿಂತೆಯಿಲ್ಲ. ಹತ್ತು ನಿಮಿಷ ಇರುತ್ತಾರೆ, ಒಬ್ಬ ಅಜ್ಜಿಯ ಕೈ ಹಿಡಿದು ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಅಸೆಸ್‌ಮೆಂಟ್ ಹಾಗಲ್ಲ. ಬಂದವರು ಅಲಮಾರಿ ತೆಗೆಸುತ್ತಾರೆ, ಬಾತ್‌ರೂಮಿನ ಬಾಗಿಲು ತಳ್ಳಿ ನೋಡುತ್ತಾರೆ, ಸಿಸ್ಟರ್‌ಗಳನ್ನು ನಿಲ್ಲಿಸಿಕೊಂಡು ಪ್ರಶ್ನೆ ಕೇಳುತ್ತಾರೆ. ಹಾಗಾಗಿ ಮಂತ್ರಿಗಳಿಗಿಂತ ಇವರ ಭಯವೇ ಜಾಸ್ತಿ.

ಗುಣಮಟ್ಟ ಹೆಚ್ಚಿಸುವ ಯೋಜನೆಗಳಿಗೆ ನಮ್ಮಲ್ಲಿ ಬರವಿಲ್ಲ. 2013ರಲ್ಲಿ ರಾಷ್ಟ್ರೀಯ ಗುಣಮಟ್ಟ ಭರವಸೆ ಮಾನದಂಡ ಬಂತು. ಇಲಾಖೆಯವರ ಬಾಯಲ್ಲಿ ಅದು ಎನ್‌ಕ್ವಾಸ್. 2015ರಲ್ಲಿ ಸ್ವಚ್ಛತೆಗೆ ಕಾಯಕಲ್ಪ ಬಂತು. 2017ರಲ್ಲಿ ಹೆರಿಗೆ ಕೋಣೆಗೆ ಲಕ್ಷ್ಯ, 2021ರಲ್ಲಿ ಮಕ್ಕಳ ವಾರ್ಡಿಗೆ ಮುಸ್ಕಾನ್. ಒಂದೊಂದಕ್ಕೂ ಒಂದೊಂದು ಚೆಕ್‌ಲಿಸ್ಟ್. ಪೂರ್ತಿ ಸರಿಯಿದ್ದರೆ 2, ಅರ್ಧಂಬರ್ಧ ಇದ್ದರೆ 1, ಇಲ್ಲದಿದ್ದರೆ 0. ನೂರಕ್ಕೆ 70 ಬಂದರೆ ಪಾಸು. ಪಾಸಾದರೆ ಗೋಡೆಗೆ ಸರ್ಟಿಫಿಕೇಟು, ಖಾತೆಗೆ ದುಡ್ಡು. ಕಾಯಕಲ್ಪದ ಬಹುಮಾನದಲ್ಲಿ ಮುಕ್ಕಾಲು ಪಾಲು ಆಸ್ಪತ್ರೆಗೆ, ಕಾಲು ಪಾಲು ಸಿಬ್ಬಂದಿಗೆ.

ಇದರಲ್ಲಿ ತಪ್ಪೇನಿದೆ? ಏನೂ ಇಲ್ಲ. ಎಷ್ಟೋ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಶೌಚಾಲಯಕ್ಕೆ ಚಿಲಕ ಬಂದದ್ದೇ ಕಾಯಕಲ್ಪದಿಂದ. ನನ್ನ ತಕರಾರು ಚೆಕ್‌ಲಿಸ್ಟಿನ ಮೇಲಲ್ಲ. ಚೆಕ್‌ಲಿಸ್ಟ್ ಬರುವ ದಿನ ಮೊದಲೇ ಗೊತ್ತಿರುತ್ತಲ್ಲ, ಅದರ ಮೇಲೆ.

ಯಾವುದೋ ಒಂದು ತಾಲ್ಲೂಕು ಆಸ್ಪತ್ರೆ ಅಂತ ಇಟ್ಟುಕೊಳ್ಳಿ. ನೂರು ಹಾಸಿಗೆ. ನಿಮ್ಮೂರಿನದೇ ಅಂದುಕೊಂಡರೂ ಅಡ್ಡಿಯಿಲ್ಲ. ಅಸೆಸ್‌ಮೆಂಟಿಗೆ ತಿಂಗಳಿದೆ ಅನ್ನುವಾಗ ಸುಣ್ಣ ಬಣ್ಣ ಶುರುವಾಗುತ್ತದೆ. ಆಸ್ಪತ್ರೆಯ ಕಸವನ್ನು ಬಗೆ ಬಗೆಯಾಗಿ ಬೇರೆ ಮಾಡಿ ಹಾಕುವ ಹಳದಿ, ಕೆಂಪು, ಬಿಳಿ, ನೀಲಿ ಡಬ್ಬಿಗಳು ಸ್ಟೋರಿನಿಂದ ಹೊರಗೆ ಬರುತ್ತವೆ. ಅವುಗಳಲ್ಲಿ ಕಸ ಹಾಕಲು ಬಿಡುವುದಿಲ್ಲ, ಗಲೀಜಾಗುತ್ತವಲ್ಲ! ಕೈ ತೊಳೆಯುವ ಬೇಸಿನ್ನಿಗೆ ಮೊಣಕೈಯಲ್ಲಿ ತಿರುಗಿಸುವ ನಲ್ಲಿ ಬರುತ್ತದೆ. ಅಂಥದ್ದೇ ನಲ್ಲಿ ಇರಬೇಕು ಅಂತ ಚೆಕ್‌ಲಿಸ್ಟಿನಲ್ಲಿದೆ. ನಲ್ಲಿಯಲ್ಲಿ ನೀರು ಬರುತ್ತದಾ ಅಂತಲೂ ಚೆಕ್‌ಲಿಸ್ಟ್ ಕೇಳುತ್ತದೆ, ಸುಳ್ಳು ಹೇಳಬಾರದು. ಅದಕ್ಕೇ ಆ ದಿನ ಮುಂಜಾನೆ ಟ್ಯಾಂಕರ್ ತರಿಸುತ್ತಾರೆ.

ಆಮೇಲೆ ರಿಜಿಸ್ಟರ್. ರಾತ್ರಿ ಪಾಳಿಗೆ ಒಬ್ಬರೇ ಸಿಸ್ಟರ್. ಒಂದು ಹೆರಿಗೆ ಮುಗಿದಿದೆ, ಒಂದು ನಡೆಯುತ್ತಿದೆ, ಇನ್ನೊಂದು ಆಟೊದಲ್ಲಿ ಬರುತ್ತಿದೆ. ಅವರು ಯಾವಾಗ ಬರೆಯಬೇಕು? ತಿಂಗಳ ಕೊನೆಗೆ ಕೂತು ಒಂದೇ ಪೆನ್ನಿನಲ್ಲಿ ಬರೆಯುತ್ತಾರೆ. ಹೆರಿಗೆಯಾದ ತಕ್ಷಣ ರಕ್ತಸ್ರಾವ ತಡೆಯಲು ಕೊಡುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಬಿಸಿ ತಾಗಿದರೆ ಔಷಧಿಯ ಶಕ್ತಿ ಹೋಗುತ್ತದೆ. ಅಗ್ಗದ ಔಷಧಿ, ತಾಯಿಯ ಜೀವ ಉಳಿಸುವ ಔಷಧಿ. ಕೊಟ್ಟ ದುಡ್ಡಿಗೆ ಇದಕ್ಕಿಂತ ಬೆಲೆಬಾಳುವ ಚಿಕಿತ್ಸೆ ಹುಡುಕುವುದು ಕಷ್ಟ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಚಾರ್ಟ್ ನೋಡಿ. ಒಂದನೇ ತಾರೀಖು 4 ಡಿಗ್ರಿ. ಎರಡನೇ ತಾರೀಖು 4 ಡಿಗ್ರಿ. ಇಡೀ ಊರಿಗೆ ದಿನಪೂರ್ತಿ ಕರೆಂಟು ಹೋಗಿದ್ದ ಹದಿನಾಲ್ಕನೇ ತಾರೀಖೂ 4 ಡಿಗ್ರಿ. ಅಂಕ: 2.

ಇದಕ್ಕಾಗಿ ಸಿಸ್ಟರನ್ನು ಬೈಯುವುದಾದರೆ ಮೊದಲು ಒಂದು ರಾತ್ರಿ ಅವರ ಪಾಳಿ ಮಾಡಿ ಬನ್ನಿ.

ಇನ್ನು ಗುಣಮಟ್ಟ ಸಮಿತಿಯ ಸಭೆ. ಸಮಸ್ಯೆಯ ಬೇರು ಹುಡುಕಲು ಐದು ಸಲ 'ಯಾಕೆ' ಅಂತ ಕೇಳಬೇಕಂತೆ. ಟೊಯೋಟಾ ಕಂಪನಿಯವರು ಕಾರ್ಖಾನೆಯಲ್ಲಿ ಏನಾದರೂ ಕೆಟ್ಟಾಗ ಕೇಳುತ್ತಿದ್ದ ಕ್ರಮ ಇದು. ನಮ್ಮ ಆಸ್ಪತ್ರೆಯಲ್ಲಿ ಹೀಗೆ ನಡೆಯಿತು:

"ಹೊರರೋಗಿ ವಿಭಾಗದಲ್ಲಿ ಜನ ಮೂರು ಗಂಟೆ ಕಾಯ್ತಾರೆ. ಯಾಕೆ?"

"ಡಾಕ್ಟ್ರು ಒಬ್ರೇ ಇರೋದು ಸಾರ್."

"ಯಾಕೆ?"

"ಇನ್ನೊಬ್ಬರನ್ನ ಡೆಪ್ಯುಟೇಶನ್ ಮೇಲೆ ಜಿಲ್ಲಾಸ್ಪತ್ರೆಗೆ ಹಾಕಿದ್ದಾರೆ."

"ಯಾಕೆ?"

"ಅಲ್ಲಿ ಹುದ್ದೆ ಖಾಲಿ ಇದೆ."

"ಯಾಕೆ?"

"ನೇಮಕಾತಿ ಫೈಲು ಬೆಂಗಳೂರಲ್ಲಿದೆ ಸಾರ್."

ಐದನೇ 'ಯಾಕೆ' ಯಾರೂ ಕೇಳಲಿಲ್ಲ. ಕೇಳಿದವರ ಮುಂದಿನ ವರ್ಗಾವಣೆ ಎಲ್ಲಿಗೆ ಅಂತ ಎಲ್ಲರಿಗೂ ಗೊತ್ತು. ಕೊನೆಗೆ ನಡಾವಳಿಯಲ್ಲಿ ಬರೆದದ್ದು: "ಮೂಲ ಕಾರಣ, ಕಾಯುವ ಸ್ಥಳದಲ್ಲಿ ಸೌಕರ್ಯದ ಕೊರತೆ. ಪರಿಹಾರ, ಒಂದು ಟಿವಿ." ಟಿವಿ ಬಂತು. ಅದರಲ್ಲಿ ಕೈ ತೊಳೆಯುವ ಆರು ಹಂತಗಳ ವಿಡಿಯೊ ಬೆಳಗ್ಗೆಯಿಂದ ಸಂಜೆಯವರೆಗೆ ಓಡುತ್ತದೆ. ಮೂರು ಗಂಟೆ ಕಾದವರಿಗೆ ಅಷ್ಟೂ ಹಂತ ಬಾಯಿಪಾಠ. ಯೋಜನೆ ಯಶಸ್ವಿ ಅಂತ, ಸಮಸ್ಯೆಯ ಕಾರಣಗಳನ್ನು ತೋರಿಸುವ ಮೀನಿನ ಮುಳ್ಳಿನಾಕಾರದ ಚಿತ್ರವೊಂದನ್ನು ಬಣ್ಣದಲ್ಲಿ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿದರು. ಅದು ಬೆನ್ನುಮೂಳೆಯ ಪೋಸ್ಟರ್ ಅಂದುಕೊಂಡು ರೋಗಿಗಳು ಗೌರವದಿಂದ ನೋಡುತ್ತಾರೆ.

ಚೆಕ್‌ಲಿಸ್ಟಿನಲ್ಲಿ ರೋಗಿಯ ಸಂದರ್ಶನವೂ ಇದೆ. ಕನ್ನಡಕದ ಮೌಲ್ಯಮಾಪಕರೊಬ್ಬರು ಹಾಸಿಗೆಯ ಪಕ್ಕ ಬಾಗಿ ಕೇಳಿದರು:

"ಅಮ್ಮಾ, ನಿಮ್ಮ ಹಕ್ಕುಗಳ ಬಗ್ಗೆ ಇಲ್ಲಿ ತಿಳಿಸಿದ್ದಾರಾ?"

"ಹೂಂ ಕಣಪ್ಪ, ತಿಳ್ಸವ್ರೆ. ಯಾರಾದ್ರೂ ಕೇಳುದ್ರೆ ತಿಳ್ಸವ್ರೆ ಅಂತ ಹೇಳ್ಬೇಕು ಅಂತ್ಲೂ ತಿಳ್ಸವ್ರೆ."

ಅಂಕ: 2.

ಕಾಯಕಲ್ಪದಲ್ಲಿ ಹೊರಗಿನವರು ಬರುವ ಮೊದಲು ಇನ್ನೊಂದು ಆಸ್ಪತ್ರೆಯವರು ಬಂದು ಅಂಕ ಕೊಡುವ ಸುತ್ತು ಇದೆ. ಇದು ಮದುವೆಮನೆಯ ಮುಯ್ಯಿಯ ಲೆಕ್ಕ. ಅವರು ನಮಗೆ ಎಷ್ಟು ಹಾಕಿದರೋ ಅಷ್ಟನ್ನು ನಾವು ನೆನಪಿಟ್ಟು ಹಾಕಬೇಕು, ಒಂದು ರೂಪಾಯಿ ಮೇಲೆ ಹಾಕಿದರೆ ಮರ್ಯಾದೆ. ನಮಗೆ 84 ಕೊಟ್ಟವರಿಗೆ 79 ಕೊಟ್ಟರೆ ಮುಂದಿನ ವರ್ಷ ಅವರ ಮುಖ ನೋಡುವುದು ಹೇಗೆ?

ಖಾಸಗಿಯವರ ಕಥೆ ಬೇರೆ, ಅದನ್ನು ಬೇಗ ಮುಗಿಸೋಣ. ಅಲ್ಲಿ ಬೆಡ್‌ಶೀಟ್ ದಿನಾ ಹೊಸದೇ, ಲಾಬಿಯಲ್ಲಿ ಮಾನ್ಯತೆಯ ಪತ್ರಕ್ಕೆ ಪುಟ್ಟ ದೀಪವೂ ಇರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ನೂರಕ್ಕೆ 47 ಹೆರಿಗೆ ಸಿಸೇರಿಯನ್, ಸರ್ಕಾರಿಯಲ್ಲಿ 14. ಕಷ್ಟದ ಕೇಸುಗಳೆಲ್ಲ ಖಾಸಗಿಗೇ ಹೋಗುತ್ತವೆ ಅಂತ ವಾದ ಮಾಡಬಹುದು. ಆದರೆ ಮೂರೂ ಚಿಲ್ಲರೆ ಪಟ್ಟು ಕಷ್ಟವಾ? ಆ ಪುಟ್ಟ ದೀಪದ ಬೆಳಕಿನಲ್ಲಿ ಈ ಅಂಕಿ ಮಾತ್ರ ಕಾಣಿಸುವುದಿಲ್ಲ.

ಚೆಕ್‌ಲಿಸ್ಟಿನಿಂದ ಏನೂ ಆಗುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಚೆಕ್‌ಲಿಸ್ಟನ್ನು 2010ರಲ್ಲಿ ನಮ್ಮ ಕರ್ನಾಟಕದ್ದೇ ಒಂದು ಹೆರಿಗೆ ಕೇಂದ್ರದಲ್ಲಿ ಪ್ರಯೋಗ ಮಾಡಿದ್ದರು. ಪ್ರತಿ ಹೆರಿಗೆಗೂ ಮಾಡಬೇಕಾದ 29 ಕೆಲಸಗಳಲ್ಲಿ ಮೊದಲು ಸರಾಸರಿ 10 ಆಗುತ್ತಿದ್ದವು, ಆಮೇಲೆ 25 ಆದವು. ಎಲ್ಲರಿಗೂ ಖುಷಿ. ಸರಿ, ಉತ್ತರ ಪ್ರದೇಶದಲ್ಲಿ ದೊಡ್ಡದಾಗಿಯೇ ಮಾಡಿ ನೋಡೋಣ ಅಂತ 120 ಆಸ್ಪತ್ರೆಗಳನ್ನು ಆರಿಸಿದರು. ಅರ್ಧಕ್ಕೆ ಚೆಕ್‌ಲಿಸ್ಟೂ ಜೊತೆಗೆ ಹೇಳಿಕೊಡಲು ತರಬೇತುದಾರರೂ, ಇನ್ನರ್ಧ ಇದ್ದ ಹಾಗೇ. ಫಲಿತಾಂಶ 2017ರಲ್ಲಿ ಬಂತು. ತರಬೇತುದಾರರು ಪಕ್ಕದಲ್ಲಿ ನಿಂತಿದ್ದಾಗ ನೂರಕ್ಕೆ 73ರಷ್ಟು ಕೆಲಸ ಸರಿಯಾಗಿ ನಡೆಯಿತು. ಅವರು ಬರುವುದು ನಿಂತ ಮೇಲೆ ಅದು 62ಕ್ಕೆ ಇಳಿಯಿತು. ಇರಲಿ, ಅದೂ ಮೊದಲಿಗಿಂತ ವಾಸಿ. ಆದರೆ ತಾಯಿ ಮಗುವಿನ ಸಾವು ಮತ್ತು ತಾಯಿಗೆ ಆಗುವ ಗಂಭೀರ ತೊಂದರೆಗಳನ್ನು ಒಟ್ಟಿಗೆ ಲೆಕ್ಕ ಹಾಕಿದರೆ ಎರಡೂ ಗುಂಪಿನಲ್ಲಿ ಹೆಚ್ಚು ಕಡಿಮೆ ಒಂದೇ, ನೂರಕ್ಕೆ 15. ಅಷ್ಟೂ ಟಿಕ್ ಗುರುತು ಹಾಕಿ ಕೊನೆಗೆ ಅದೇ 15! ಆ ಅಧ್ಯಯನ ಮಾಡಿದವರು ಇದನ್ನು ಮುಚ್ಚಿಡದೆ ಬರೆದರು ನೋಡಿ, ಆ ಪ್ರಾಮಾಣಿಕತೆಗೆ ನಾನಾದರೆ ಪೂರ್ತಿ 2 ಅಂಕ ಕೊಡುತ್ತಿದ್ದೆ.

ಅದೇ ವರ್ಷ ನಾವು ಇನ್ನಷ್ಟು ಚೆಕ್‌ಲಿಸ್ಟ್ ಇಟ್ಟುಕೊಂಡು ಲಕ್ಷ್ಯ ಶುರು ಮಾಡಿದೆವು.

ಇಲ್ಲಿ ಒಂದು ನಿಮಿಷ ನಗೆ ಬದಿಗಿಡಬೇಕು. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಅನುಮಾನ ಹೋದದ್ದು ಅವರಿಗೆ ಹಾಕಿದ ಡ್ರಿಪ್ ಬಾಟಲಿಯ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ನಲ್ಲಿ ಯಾವುದೇ ಇರಲಿ, ಡಬ್ಬಿಯ ಬಣ್ಣ ಎಷ್ಟೇ ಸರಿಯಿರಲಿ, ಬಾಟಲಿಯೊಳಗೆ ಏನಿದೆ ಅಂತ ವಾರ್ಡಿನ ಸಿಸ್ಟರ್ ನೋಡಿ ಹೇಳಲಾರರು. ಅದನ್ನು ನೋಡಬೇಕಾದವರು ಬಹಳ ಮೇಲೆ, ಖರೀದಿಯ ಕೋಣೆಯಲ್ಲಿ, ಪ್ರಯೋಗಾಲಯದಲ್ಲಿ ಕೂತಿರುತ್ತಾರೆ. ಆಯಾಗೆ ಕಸದ ಡಬ್ಬಿಯ ಬಣ್ಣ ಕೇಳಿದ ಹಾಗೆ ಆ ಕೋಣೆಯಲ್ಲಿರುವವರನ್ನು ಎದ್ದು ನಿಲ್ಲಿಸಿ ಪ್ರಶ್ನೆ ಕೇಳಿದ್ದನ್ನು ನೀವು ಕಂಡಿದ್ದೀರಾ?

ನನ್ನದೊಂದು ಪ್ರಸ್ತಾವ ಇದೆ. ಅಸೆಸ್‌ಮೆಂಟ್ ತಂಡ ಹೇಳದೆ ಕೇಳದೆ ಬರಲಿ. ಕಾರು ಬೇಡ, ಬಸ್ಸಿನಲ್ಲಿ ಬರಲಿ. ಸೋಮವಾರ ಬೆಳಗ್ಗೆ ಸಾಲಿನಲ್ಲಿ ನಿಂತು ಚೀಟಿ ಮಾಡಿಸಲಿ. ಕೆಮ್ಮು ಅಂತಲೋ ಸೊಂಟನೋವು ಅಂತಲೋ ಹೇಳಿ ಡಾಕ್ಟ್ರನ್ನು ನೋಡಲಿ, ಬರೆದುಕೊಟ್ಟ ಔಷಧಿ ಒಳಗೆ ಸಿಗುತ್ತದಾ ಅಥವಾ "ಸ್ಟಾಕಿಲ್ಲ, ಹೊರಗೆ ತಗೊಳ್ಳಿ" ಅನ್ನುತ್ತಾರಾ ನೋಡಲಿ. ಸಂಜೆ ಬಸ್‌ ಸ್ಟ್ಯಾಂಡಿನಲ್ಲಿ ಕೂತು ಅಂಕ ಹಾಕಲಿ.

ಆರೋಗ್ಯ ಇಲಾಖೆಯಲ್ಲಿ ಫಾರ್ಮಸಿಸ್ಟ್ ಆಗಿದ್ದು ನಿವೃತ್ತರಾದ ಸ್ನೇಹಿತರೊಬ್ಬರಿಗೆ ಇದನ್ನು ಹೇಳಿದೆ. ತುಂಬ ಹೊತ್ತು ಯೋಚನೆ ಮಾಡಿದರು.

"ಐಡಿಯಾ ಚೆನ್ನಾಗಿದೆ ಸ್ವಾಮಿ. ಆದ್ರೆ ಹಂಗೆ ಬಂದ್ರೆ ಟಿಎ-ಡಿಎ ಬಿಲ್ ಪಾಸಾಗಲ್ವಲ್ಲ. ಆಸ್ಪತ್ರೆಯವರು ಹಾಜರಾತಿ ಪತ್ರ ಕೊಡಬೇಕು, ಅದಕ್ಕೆ ಬರ್ತೀವಿ ಅಂತ ಹದಿನೈದು ದಿನ ಮುಂಚೆ ಕಾಗದ ಬರೀಬೇಕು."