ನೈಸ್ ಆದ ಹಿಟ್ಟು

ಬೆಂಗಳೂರಿನಲ್ಲಿ ಬೆಳೆದ ಅಣ್ಣನ ಮಗಳು ಕಳೆದ ಆಲೆಮನೆಯ ಕಾಲಕ್ಕೆ ಶಿರಸಿ ಸಮೀಪದ ನಮ್ಮ ಮನೆಗೆ ಬಂದಿದ್ದಾಗ, ಬೋರಲು ಹಾಕಿದ ಮಡಕೆಯ ಮೇಲೆ ಹಿಟ್ಟು ಬಳಿದು ಆಯಿ ಎಬ್ಬಿಸಿಕೊಟ್ಟ ತೊಡೆದೇವನ್ನು ಬಾಯಿಗಿಟ್ಟು, "ನೈಸ್ ಅಜ್ಜಿ!" ಎಂದಳು. ಆಯಿ ಒಲೆಯಿಂದ ತಲೆ ಎತ್ತದೆಯೇ, "ನೈಸ್ ಆಗದೇ ಎಂತ ಆಗ್ತು ಕೂಸೇ, ಅಷ್ಟು ಹೊತ್ತು ರುಬ್ಬಿದ್ದಿ!" ಎಂದಳು. ಮೊಮ್ಮಗಳು ಹೊಗಳಿದ್ದು ರುಚಿಯನ್ನು, ಆಯಿ ಕೇಳಿಸಿಕೊಂಡದ್ದು ಹಿಟ್ಟಿನ ಹದವನ್ನು. ಇಬ್ಬರಿಗೂ ಸಮಾಧಾನವಾಗಿದ್ದರಿಂದ ನಾನು ನಡುವೆ ಬಾಯಿ ಹಾಕಲಿಲ್ಲ.

ನಮ್ಮ ಅಡುಗೆಮನೆಯಲ್ಲಿ ನೈಸ್ ಎಂಬುದು ಒಂದು ಅಳತೆ. ಕಬ್ಬಿನ ಹಾಲು ಸೇರಿಸಿ ರುಬ್ಬಿದ ಅಕ್ಕಿಯಲ್ಲಿ ಚೂರು ತರಿ ಉಳಿದರೂ ಕಾಗದದಷ್ಟು ತೆಳುವಾದ ತೊಡೆದೇವು ಏಳುವುದಿಲ್ಲ. ಒಂದೆಲಗದ ತಂಬುಳಿಗೆ ಹಾಕುವ ಕಾಯಿಯೂ ನೈಸ್ ಆಗಲೇಬೇಕು. ಬಾಗಿಲ ಹಲಗೆಗೆ ಕೀಸುಳಿ ಹಾಕಿದ ಬಡಗಿ ಅಂಗೈ ಆಡಿಸಿ ನೋಡುವುದು ಈ ನೈಸನ್ನೇ, ಸೀರೆಯಂಗಡಿಯಲ್ಲಿ ಸೆರಗನ್ನು ಬೆರಳುಗಳ ನಡುವೆ ಉಜ್ಜಿ ನೋಡುವುದೂ ಇದನ್ನೇ. ಆದರೆ ಈ ಪದ ವಸ್ತುಗಳನ್ನು ಬಿಟ್ಟು ಮನುಷ್ಯರ ಕಡೆಗೆ ಬಂದೊಡನೆ ಸ್ವಲ್ಪ ಕೆಡುತ್ತದೆ. ಸಾಲ ಕೇಳಲು ಬಂದವನು ಮೊದಲು ನಮ್ಮ ತೋಟದ ಫಸಲನ್ನು ಹೊಗಳಿ "ನೈಸ್ ಮಾಡುತ್ತಾನೆ"; ಅದೇ ಮನುಷ್ಯ ಸಾಲ ತೀರಿಸುವ ಹೊತ್ತಿಗೆ "ನೈಸಾಗಿ ಜಾರಿಕೊಳ್ಳುತ್ತಾನೆ". ಇಂಗ್ಲಿಷಿನಲ್ಲಿ ನೈಸ್ ಎನಿಸಿಕೊಂಡವನಿಗೆ ಮಗಳನ್ನು ಕೊಡಬಹುದೇನೋ, ಕನ್ನಡದಲ್ಲಿ ನೈಸ್ ಮಾಡುವವನಿಗೆ ಕೈಗಡ ಕೊಡಲೂ ಹಿಂದೆಮುಂದೆ ನೋಡಬೇಕು.

ನಮ್ಮವರು ಪದವನ್ನು ಕೆಡಿಸಿದರೆಂದು ಇಂಗ್ಲಿಷ್ ಬಲ್ಲವರು ದೂರುವಂತಿಲ್ಲ, ಏಕೆಂದರೆ ಅದರ ಮೂಲವೇ ಬೇರೆಯದಾಗಿತ್ತು. ಲ್ಯಾಟಿನ್ನಿನ "ನೆಸ್ಕಿಯುಸ್" ಎಂದರೆ ಏನೂ ತಿಳಿಯದವನು. ಫ್ರೆಂಚಿನ ಮೂಲಕ ಸುಮಾರು 1300ರ ವೇಳೆಗೆ ಇಂಗ್ಲಿಷಿಗೆ ಬಂದಾಗಲೂ ಅದಕ್ಕೆ ದಡ್ಡ ಎಂಬ ಅರ್ಥವೇ ಇತ್ತು. ಮುಂದೆ ಅದು ಅತಿ ನಾಜೂಕಿನವರಿಗೆ ಅಂಟಿಕೊಂಡು, ಬಳಿಕ ಸೂಕ್ಷ್ಮ, ಕರಾರುವಾಕ್ಕು ಎಂಬ ಅರ್ಥಗಳನ್ನು ಪಡೆದು, 18ನೆಯ ಶತಮಾನದಲ್ಲಿ ಹಿತವಾದದ್ದು ಎಂಬಲ್ಲಿಗೆ ಬಂದು ನಿಂತಿತು. ಅಲ್ಲಿಂದ ಮುಂದೆ ಅದು ಎಲ್ಲದಕ್ಕೂ ಸಲ್ಲತೊಡಗಿತೆಂದರೆ, ಜೇನ್ ಆಸ್ಟೆನ್ ತಮ್ಮ ಕಾದಂಬರಿಯೊಂದರಲ್ಲಿ ಪಾತ್ರವೊಂದರ ಬಾಯಿಂದಲೇ ಅದನ್ನು ಗೇಲಿ ಮಾಡಿಸಬೇಕಾಯಿತು. ಇಂದಿಗೂ ಕಾರವಾರದ ಟಾಗೋರ್ ಕಡಲತೀರದಲ್ಲಿ ಸೂರ್ಯ ಮುಳುಗುವಾಗ ಪ್ರವಾಸಿಗರ ಬಾಯಿಂದ ಹೊರಡುವುದು ಈ ಒಂದೇ ಪದ. ಸೂರ್ಯನಿಗೂ ಅದೇ, ಕೈಯಲ್ಲಿರುವ ಐಸ್‌ಕ್ರೀಮಿಗೂ ಅದೇ.

ಹಾಗಾದರೆ ನಮ್ಮಲ್ಲಿ ಅದಕ್ಕೆ ನುಣುಪಿನ ಅರ್ಥ ಬಂದದ್ದು ಹೇಗೆ? ಇದು ನನ್ನ ಊಹೆ, ಪಂಡಿತರು ತಿದ್ದಲಿ: ನಮ್ಮ "ನಯ" ಅದನ್ನು ಬಾಗಿಲಲ್ಲಿಯೇ ಕೈಹಿಡಿದು ಒಳಗೆ ಕರೆದುಕೊಂಡಿರಬೇಕು. ಬೇಗ ಬೇಗ ಹೇಳಿದರೆ ನೈಸು ಮತ್ತು ನಯ ಒಂದೇ ಮನೆಯವರಂತೆ ಕೇಳಿಸುತ್ತವೆ. ನಯದಲ್ಲಿ ಹಲಗೆಯ ನುಣುಪೂ ಇದೆ, ಮಾತಿನ ಮೃದುತ್ವವೂ ಇದೆ, "ನಯವಂಚಕ" ಎಂಬಲ್ಲಿ ಜಾರಿಕೊಳ್ಳುವವನೂ ಇದ್ದಾನೆ. ಹೊಸಬನಿಗೆ ಮೂರೂ ಕೆಲಸಗಳು ಸಿದ್ಧವಾಗಿದ್ದವು.

ಹೊಗಳುವ ಕೆಲಸ ಮಾತ್ರ ನಮ್ಮ ಸೀಮೆಯಲ್ಲಿ ಖಾಲಿ ಇರಲಿಲ್ಲ. ಅಲ್ಲಿ "ಚೊಲೊ" ಮೊದಲೇ ಕುಳಿತಿತ್ತು, ಅದಕ್ಕೂ ಮೇಲೆ "ಅಡ್ಡಿಲ್ಲೆ" ಇತ್ತು. ಹೊರಗಿನವರು ಇದನ್ನು ಅರೆಮನಸ್ಸಿನ ಒಪ್ಪಿಗೆಯೆಂದು ತಿಳಿದು ಮುಖ ಸಣ್ಣ ಮಾಡಿಕೊಳ್ಳುವುದುಂಟು. ನಮ್ಮಲ್ಲಿ ಒಳ್ಳೆಯ ಅಡುಗೆಗೂ ಒಳ್ಳೆಯ ಅಳಿಯನಿಗೂ ಸಿಗುವುದು ಇಷ್ಟೇ. ಅಂದು ಎಲ್ಲರಿಗೂ ಬಡಿಸಿಯಾದ ಮೇಲೆ ಆಯಿ ಕೊನೆಯ ತೊಡೆದೇವಿನ ಅಂಚು ಮುರಿದು ಬಾಯಿಗಿಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಡ್ಡಿಲ್ಲೆ" ಎಂದಳು. ಮೊಮ್ಮಗಳು ನನ್ನ ಕಿವಿಯಲ್ಲಿ, "ಅಜ್ಜಿಗೆ ಇಷ್ಟ ಆಗ್ಲಿಲ್ವಾ?" ಎಂದು ಕೇಳಿದಳು.